ಪಿಯುಸಿಯಲ್ಲಿ 571: ಯಾವ ಮೆರಿಟ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕು? ಆನರ್ಸ್‌ಗೆ ಎಷ್ಟು ಬೇಕು?

ಕಲ್ಪತರು_ಮಾವ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಪಿಸಿಎಂಬಿ, 600ಕ್ಕೆ 571. ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡೂ ಸರ್ಕಾರಿ ಶಾಲೆ-ಕಾಲೇಜಿನಲ್ಲೇ. ವರ್ಗ 2ಎ, ಆದಾಯ ಪ್ರಮಾಣಪತ್ರದಲ್ಲಿ 85,000. ಬಿಎಸ್ಸಿಯೋ ಇಂಜಿನಿಯರಿಂಗೋ ಇನ್ನೂ ತೀರ್ಮಾನ ಆಗಿಲ್ಲ, ಸಿಇಟಿ ರ‍್ಯಾಂಕ್ ಬಂದಿದೆ.

ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ: ಕೇಂದ್ರದ ಸಿಎಸ್‌ಎಸ್‌ಎಸ್ (ಕಾಲೇಜು ವಿದ್ಯಾರ್ಥಿಗಳ ಮೆರಿಟ್ ಸ್ಕಾಲರ್‌ಶಿಪ್), ವಿಜ್ಞಾನ ಓದುವವರಿಗೆ ಕೊಡುವ ಇನ್‌ಸ್ಪೈರ್, ನಮ್ಮ ರಾಜ್ಯದ ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್). ಎಲ್ಲಕ್ಕೂ ಹಾಕಿಬಿಡಿ, ಬಂದದ್ದು ಬರಲಿ ಅಂತ ಸೈಬರ್ ಸೆಂಟರ್‌ನವರ ಸಲಹೆ. ಅದು ಸರಿಯೇ? ಸಿಎಸ್‌ಎಸ್‌ಎಸ್‌ಗೆ ಶೇ. 80 ಇದ್ದರೆ ಸಾಕು ಅನ್ನುತ್ತಾರೆ, ನಿಜವೇ?

ಇನ್ನೊಂದು ವಿಷಯ. ಅವಳ ಅಣ್ಣ 2023–24ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯಲ್ಲಿ ಬಿಎಸ್ಸಿಗೆ ಸೇರಿದವನು. ಐದು ಸೆಮಿಸ್ಟರ್‌ಗೆ ಸಿಜಿಪಿಎ (ಒಟ್ಟು ಗ್ರೇಡ್ ಸರಾಸರಿ) 10ಕ್ಕೆ 7.38. ನಾಲ್ಕನೇ ವರ್ಷ ಆನರ್ಸ್ ಮಾಡಿ ನೇರವಾಗಿ ಪಿಎಚ್‌ಡಿಗೆ ಹೋಗುತ್ತೇನೆ ಅನ್ನುತ್ತಾನೆ. ಅದಕ್ಕೆ ಏನೇನು ಬೇಕು? ತಿಳಿದವರು ಹೇಳಿ.

ಅರ್ಜಿ_ಪರಿಶೀಲಕ

ಮೊದಲು ಸಿಎಸ್‌ಎಸ್‌ಎಸ್ ಬಗ್ಗೆ. ಶೇ. 80 ಅಂಕ ಅಲ್ಲ, 80ನೇ ಪರ್ಸೆಂಟೈಲ್. ಎರಡಕ್ಕೂ ಅಜಗಜಾಂತರ. ಅದೇ ಬೋರ್ಡಿನಲ್ಲಿ, ಅದೇ ವಿಭಾಗದಲ್ಲಿ ಪರೀಕ್ಷೆ ಬರೆದ ನೂರು ಜನರಲ್ಲಿ ಎಂಬತ್ತು ಜನರಿಗಿಂತ ಮೇಲಿರಬೇಕು ಅಂತ ಅರ್ಥ. ವಿಜ್ಞಾನಕ್ಕೆ ಒಂದು ಗೆರೆ, ವಾಣಿಜ್ಯಕ್ಕೆ ಒಂದು, ಕಲೆಗೆ ಒಂದು. ಹಾಗಾಗಿ ವಿಜ್ಞಾನದಲ್ಲಿ 82% ತೆಗೆದವರು ಹೊರಗುಳಿಯಬಹುದು, ಕಲಾ ವಿಭಾಗದಲ್ಲಿ 78% ತೆಗೆದವರು ಒಳಗೆ ಬರಬಹುದು. 571ಕ್ಕೆ ಆ ಗೆರೆ ದಾಟುವ ಚಿಂತೆ ಇಲ್ಲ.

ಆದರೆ ಗೆರೆ ದಾಟಿದವರಿಗೆಲ್ಲ ಹಣ ಬರುವುದಿಲ್ಲ, ಅದು ಅರ್ಜಿ ಹಾಕುವ ಅರ್ಹತೆ ಅಷ್ಟೇ. ಇಡೀ ದೇಶಕ್ಕೆ ವರ್ಷಕ್ಕೆ ಹೊಸದಾಗಿ 82,000 ಸ್ಕಾಲರ್‌ಶಿಪ್. ಅರ್ಧ ಹುಡುಗಿಯರಿಗೆ, ಅರ್ಧ ಹುಡುಗರಿಗೆ. 18ರಿಂದ 25ರ ವಯಸ್ಸಿನ ಜನಸಂಖ್ಯೆ ನೋಡಿ ರಾಜ್ಯಗಳಿಗೆ ಹಂಚುತ್ತಾರೆ. ಸಿಬಿಎಸ್‌ಇ, ಐಸಿಎಸ್‌ಇ ಪಾಲು ಮೊದಲೇ ಬೇರೆ ತೆಗೆದಿಟ್ಟಿರುತ್ತಾರೆ. ರಾಜ್ಯದ ಪಾಲಿನೊಳಗೆ ವಿಜ್ಞಾನ, ವಾಣಿಜ್ಯ, ಕಲೆಗೆ 3:2:1. ಅದರೊಳಗೆ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ 7.5, ಒಬಿಸಿಗೆ 27, ಅಂಗವಿಕಲರಿಗೆ ಎಲ್ಲ ವರ್ಗದೊಳಗೂ 5. ಒಬಿಸಿ ಪಾಲಿಗೆ ಬರಬೇಕಾದರೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕಾಗುತ್ತದೆ. ರಾಜ್ಯದ 2ಎ ಪ್ರಮಾಣಪತ್ರವನ್ನೇ ಅಪ್‌ಲೋಡ್ ಮಾಡಿ ಆಮೇಲೆ ಪರದಾಡುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಎರಡೂ ತಹಶೀಲ್ದಾರರಿಂದಲೇ ಸಿಗುತ್ತವೆ, ಆದರೆ ಕಾಗದ ಬೇರೆ ಬೇರೆ. ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿಡಿ.

ಮೊತ್ತ: ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ ಹೋದರೆ ವರ್ಷಕ್ಕೆ 20,000. ಬಿಇ ಆದರೆ ಮೂರು ವರ್ಷ 12,000, ನಾಲ್ಕನೇ ವರ್ಷ 20,000, ಒಟ್ಟು 56,000. ಕುಟುಂಬದ ವಾರ್ಷಿಕ ಆದಾಯದ ಮಿತಿ 4.5 ಲಕ್ಷ. ಹಳೆಯ ಲೇಖನಗಳಲ್ಲಿ ಇನ್ನೂ 8 ಲಕ್ಷ ಅಂತಿದೆ, ನಂಬಬೇಡಿ. ದೂರಶಿಕ್ಷಣ, ಡಿಪ್ಲೊಮಾ ಇದರಲ್ಲಿ ಇಲ್ಲ.

ಹೊಸ ಅರ್ಜಿ ಪದವಿಯ ಮೊದಲ ವರ್ಷದಲ್ಲೇ ಹಾಕಬೇಕು. ಎರಡನೇ ವರ್ಷಕ್ಕೆ ಬಂದಮೇಲೆ ಈಗ ಗೊತ್ತಾಯಿತು ಸಾರ್ ಅಂದರೆ ದಾರಿ ಇಲ್ಲ. ಅರ್ಜಿ ಹಾಕುವ ಎನ್‌ಎಸ್‌ಪಿ (ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್) ಸಾಮಾನ್ಯವಾಗಿ ಜೂನ್–ಜುಲೈ ಹೊತ್ತಿಗೆ ತೆರೆದು ಅಕ್ಟೋಬರ್ ಕೊನೆಯವರೆಗೆ ಇರುತ್ತದೆ.

ಅರ್ಜಿಗೂ ಮೊದಲು ಒಟಿಆರ್, ಅಂದರೆ ಒಂದೇ ಸಲದ ನೋಂದಣಿ. ಆಧಾರ್ ಇ-ಕೆವೈಸಿ ಆದಮೇಲೆ ಮೊದಲು ರೆಫರೆನ್ಸ್ ನಂಬರ್ ಬರುತ್ತದೆ, ಮುಖ ದೃಢೀಕರಣ ಆದಮೇಲೆ 14 ಅಂಕಿಯ ಒಟಿಆರ್ ನಂಬರ್. ರೆಫರೆನ್ಸ್ ನಂಬರ್ ಬಂದ ತಕ್ಷಣ ಕೆಲಸ ಮುಗಿಯಿತು ಅಂದುಕೊಂಡು ಬಿಡುವವರು ಬಹಳ. ಮುಖ ದೃಢೀಕರಣಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಎನ್‌ಎಸ್‌ಪಿ ಒಟಿಆರ್ ಆ್ಯಪ್ ಜೊತೆಗೆ ‘ಆಧಾರ್ ಫೇಸ್ ಆರ್‌ಡಿ’ ಎಂಬ ಆ್ಯಪ್ ಕೂಡ ಇರಬೇಕು. ಎರಡನೆಯದು ಹಿನ್ನೆಲೆಯಲ್ಲಿ ಕೆಲಸ ಮಾಡುವಂಥದ್ದು, ಅದರ ಚಿಹ್ನೆ ಪರದೆಯ ಮೇಲೆ ಕಾಣದಿದ್ದರೆ ಗಾಬರಿ ಬೇಡ. ಒಟಿಆರ್ ಒಮ್ಮೆ ಆದರೆ ಓದು ಮುಗಿಯುವವರೆಗೂ ಅದೇ.

ಮೊಬೈಲ್ ನಂಬರ್ ಹುಡುಗಿಯದ್ದೋ ಮನೆಯವರದ್ದೋ ಕೊಡಿ. ಸೈಬರ್ ಸೆಂಟರ್‌ನವರ ನಂಬರ್ ಬಿದ್ದರೆ ಮುಂದಿನ ವರ್ಷ ನವೀಕರಣದ ಒಟಿಪಿಗೆ ಅವರ ಬಾಗಿಲಲ್ಲೇ ನಿಲ್ಲಬೇಕು.

ಅರ್ಜಿ ಸಲ್ಲಿಸಿದ ಮೇಲೆ ಎರಡು ಹಂತದ ಪರಿಶೀಲನೆ. ಒಂದು ಕಾಲೇಜಿನ ನೋಡಲ್ ಅಧಿಕಾರಿಯಿಂದ, ಇನ್ನೊಂದು ರಾಜ್ಯ ಮಟ್ಟದಲ್ಲಿ. ವಿದ್ಯಾರ್ಥಿಯ ಕೊನೆಯ ದಿನ ಒಂದು, ಕಾಲೇಜು ಪರಿಶೀಲಿಸುವ ಕೊನೆಯ ದಿನ ಇನ್ನೊಂದು. ಎರಡನೆಯದು ಮೀರಿದರೆ ಅರ್ಜಿ ಎಷ್ಟು ಸರಿಯಿದ್ದರೂ ಅಲ್ಲೇ ಸಾಯುತ್ತದೆ. ಹಾಗಾಗಿ ಸಲ್ಲಿಸಿದ ವಾರದಲ್ಲೇ ಪ್ರಿಂಟ್, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ ಹಿಡಿದು ಕಾಲೇಜು ಆಫೀಸಿಗೆ ಹೋಗಿ. ಸ್ಟೇಟಸ್‌ನಲ್ಲಿ ‘ಡಿಫೆಕ್ಟಿವ್’ ಅಂತ ಬಂದರೆ ತಿದ್ದಲು ವಾಪಸ್ ಕಳಿಸಿದ್ದಾರೆ ಅಂತ ಅರ್ಥ. ಕೊಟ್ಟ ದಿನದೊಳಗೆ ತಿದ್ದಿ ಮತ್ತೆ ಕಳಿಸಬೇಕು. ‘ರಿಜೆಕ್ಟೆಡ್’ ಅಂದರೆ ಆ ವರ್ಷಕ್ಕೆ ಮುಗಿಯಿತು.

ಬೇಸಿಗೆ_ಪ್ರಾಜೆಕ್ಟ್

ಇನ್‌ಸ್ಪೈರ್ ವಿಷಯ ನಾನು ಹೇಳುತ್ತೇನೆ. ಹೆಸರು ಇನ್‌ಸ್ಪೈರ್–ಶೀ, ಕೊಡುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ‘ಶೀ’ ಅಂತಿದೆ ಎಂದು ಹುಡುಗಿಯರಿಗೆ ಮಾತ್ರ ಅಂದುಕೊಳ್ಳಬೇಡಿ, ಅದು ಯೋಜನೆಯ ಹೆಸರಿನ ಮೊದಲಕ್ಷರಗಳು ಅಷ್ಟೇ. ಬಿಎಸ್ಸಿ, ಬಿಎಸ್, ಇಂಟಿಗ್ರೇಟೆಡ್ ಎಂಎಸ್ಸಿ ಓದುವವರಿಗೆ ವರ್ಷಕ್ಕೆ 80,000. ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, ಉಳಿದ 20,000 ಬೇಸಿಗೆಯಲ್ಲಿ ಮಾರ್ಗದರ್ಶಕರೊಬ್ಬರ ಕೈಕೆಳಗೆ ಮಾಡುವ ಸಂಶೋಧನಾ ಪ್ರಾಜೆಕ್ಟಿಗೆ. ಹೆಚ್ಚೆಂದರೆ ಐದು ವರ್ಷ. ತಿಂಗಳಿಗೆ 5,000 ಅಂತ ಬರೆದಿರುತ್ತದೆ, ಆದರೆ ತಿಂಗಳು ತಿಂಗಳು ಬರುತ್ತದೆ ಅಂತ ನಂಬಿ ಪಿಜಿ ಬಾಡಿಗೆ ಲೆಕ್ಕ ಹಾಕಬೇಡಿ. ವರ್ಷದ್ದು ಒಟ್ಟಿಗೆ, ಅದೂ ತಡವಾಗಿ ಬರುವುದೇ ವಾಡಿಕೆ.

ಅರ್ಹತೆಯಲ್ಲಿ ಮುಖ್ಯವಾದದ್ದು ಬೋರ್ಡಿನಲ್ಲಿ ಮೊದಲ 1%ರೊಳಗೆ ಇರಬೇಕು. ಇಲ್ಲೂ ಅದೇ ಗೊಂದಲ: 99 ಪರ್ಸೆಂಟ್ ಅಂಕ ಅಲ್ಲ, ಉತ್ತೀರ್ಣರಾದವರ ಸಾಲಿನಲ್ಲಿ ಮೊದಲ ನೂರನೇ ಒಂದು ಪಾಲು. ಬೋರ್ಡಿನಿಂದ ಬೋರ್ಡಿಗೆ, ವರ್ಷದಿಂದ ವರ್ಷಕ್ಕೆ ಈ ಗೆರೆ ಬದಲಾಗುತ್ತದೆ. 571 ಅಂದರೆ 95.17%. ನಮ್ಮ ಪಿಯುಸಿಯಲ್ಲಿ ಈಚೆಗೆ ಅಂಕಗಳು ಏರಿರುವುದನ್ನು ನೋಡಿದರೆ ಇದು ಅಂಚಿನ ಅಂಕ, ಖಂಡಿತ ಸಿಗುತ್ತದೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಬೋರ್ಡು ಅರ್ಹತಾ ಪತ್ರ ಕೊಟ್ಟಿದ್ದರೆ ಅದನ್ನೇ ಲಗತ್ತಿಸಿ. ಇದಲ್ಲದೆ ಜೆಇಇ ಅಡ್ವಾನ್ಸ್‌ಡ್ ಅಥವಾ ನೀಟ್‌ನಲ್ಲಿ ಮೊದಲ 10,000 ರ‍್ಯಾಂಕಿನೊಳಗೆ ಬಂದು ಬಿಎಸ್ಸಿಗೆ ಸೇರಿದವರಿಗೂ ದಾರಿ ಇದೆ. ವಯಸ್ಸು 17ರಿಂದ 22. ಕೆವಿಪಿವೈ ಎಂಬ ಹಳೆಯ ವಿಜ್ಞಾನ ಫೆಲೋಶಿಪ್ ಬಗ್ಗೆ ಯಾರಾದರೂ ಹೇಳಿದರೆ ಮರೆತುಬಿಡಿ, 2022ರಲ್ಲಿ ಅದನ್ನು ನಿಲ್ಲಿಸಿ ಇನ್‌ಸ್ಪೈರ್‌ಗೆ ಸೇರಿಸಿದರು.

ಜನ ಎಡವುವುದು ವಿಷಯದ ಆಯ್ಕೆಯಲ್ಲಿ. ಮಾನ್ಯವಾದ ವಿಷಯಗಳು 18: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಖಭೌತಶಾಸ್ತ್ರ, ಖಗೋಳ, ಎಲೆಕ್ಟ್ರಾನಿಕ್ಸ್, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನ, ಮಾನವಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಭೂಭೌತ, ಭೂರಸಾಯನ, ವಾತಾವರಣ ವಿಜ್ಞಾನ, ಸಾಗರ ವಿಜ್ಞಾನ. ಬಯೋಟೆಕ್ನಾಲಜಿ ಇಲ್ಲ, ಕಂಪ್ಯೂಟರ್ ಸೈನ್ಸ್ ಇಲ್ಲ. ಬಿಎಸ್ಸಿ ಅಗ್ರಿ, ನರ್ಸಿಂಗ್, ಬಿಸಿಎ, ಬಿಇ, ಎಂಬಿಬಿಎಸ್ ಯಾವುದೂ ಇಲ್ಲ. ನಮ್ಮ ಕಡೆ ಪಿಎಂಸಿಎಸ್ (ಭೌತ, ಗಣಿತ, ಕಂಪ್ಯೂಟರ್ ಸೈನ್ಸ್) ಸಂಯೋಜನೆಗೆ ಎಲ್ಲರೂ ಮುಗಿಬೀಳುತ್ತಾರೆ. ಇನ್‌ಸ್ಪೈರ್ ಮೇಲೆ ಕಣ್ಣಿದ್ದರೆ ಪಿಸಿಎಂ ಅಥವಾ ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ತರಹ ಎಲ್ಲ ವಿಷಯವೂ ಪಟ್ಟಿಯೊಳಗಿರುವ ಸಂಯೋಜನೆ ತೆಗೆದುಕೊಳ್ಳಿ, ತಕರಾರಿಗೆ ಜಾಗವೇ ಇರುವುದಿಲ್ಲ. ಪ್ರವೇಶ ಆದಮೇಲೆ ವಿಷಯ ಬದಲಿಸುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿರುತ್ತದೆ.

ಅರ್ಜಿ ಇನ್‌ಸ್ಪೈರ್‌ನ ಸ್ವಂತ ಪೋರ್ಟಲ್‌ನಲ್ಲಿ. ಪ್ರಾಂಶುಪಾಲರು ಸಹಿ ಮಾಡುವ ದೃಢೀಕರಣ ಪತ್ರಕ್ಕೆ ಅವರದ್ದೇ ನಮೂನೆ ಇದೆ, ಅದನ್ನೇ ಇಳಿಸಿಕೊಂಡು ತುಂಬಿಸಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ‘ಈ ವಿದ್ಯಾರ್ಥಿನಿ ನಮ್ಮಲ್ಲಿ ಓದುತ್ತಿದ್ದಾಳೆ’ ಅಂತ ಬರೆಸಿಕೊಂಡು ಹೋದರೆ ನಡೆಯುವುದಿಲ್ಲ. ಆಯ್ಕೆಯಾದ ಮೇಲೆ ಪ್ರತಿವರ್ಷ ಅಂಕಪಟ್ಟಿ ಮತ್ತು ಸಾಧನಾ ವರದಿ ಅಪ್‌ಲೋಡ್ ಮಾಡಬೇಕು. ಬಹುಮಂದಿಯ ಹಣ ನಿಲ್ಲುವುದು ಇಲ್ಲೇ: ವಿಶ್ವವಿದ್ಯಾಲಯದ ಫಲಿತಾಂಶ ತಡ, ಅಂಕಪಟ್ಟಿ ಇನ್ನೂ ತಡ, ಆಮೇಲೆ ವಿದ್ಯಾರ್ಥಿಗೇ ಮರೆವು.

ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ. ಡಿಸೆಂಬರ್–ಜನವರಿಯಲ್ಲೇ ವಿಶ್ವವಿದ್ಯಾಲಯದ ವಿಭಾಗಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಪತ್ರ ಬರೆಯಿರಿ. ಪತ್ರದಲ್ಲಿ ‘ನನಗೆ ಸಂಶೋಧನೆಯಲ್ಲಿ ಆಸಕ್ತಿ’ ಎಂಬ ಒಂದೇ ಸಾಲು ಬೇಡ. ಆ ವಿಜ್ಞಾನಿ ಏನು ಮಾಡುತ್ತಿದ್ದಾರೆ, ಅದರಲ್ಲಿ ಯಾವ ಭಾಗ ಕಲಿಯಬೇಕು, ಇನ್‌ಸ್ಪೈರ್‌ನಿಂದ ಪ್ರಾಜೆಕ್ಟ್ ವೆಚ್ಚ ಬರುತ್ತದೆ ಎಂಬುದು, ಯಾವ ವಾರದಿಂದ ಯಾವ ವಾರದವರೆಗೆ ಬರಬಲ್ಲೆ ಎಂಬುದು, ಇಷ್ಟು ಇರಲಿ.

ಲೆಕ್ಕದ_ಪುಸ್ತಕ

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ‘ಎಲ್ಲಕ್ಕೂ ಹಾಕಿಬಿಡಿ’ ಎಂಬ ಸೈಬರ್ ಸೆಂಟರ್ ಸಲಹೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ಅಪಾಯದ ಸಲಹೆ.

ಸಿಎಸ್‌ಎಸ್‌ಎಸ್ ನಿಯಮದಲ್ಲೇ ಇದೆ: ಬೇರೆ ಯಾವುದೇ ಸ್ಕಾಲರ್‌ಶಿಪ್, ರಾಜ್ಯ ಸರ್ಕಾರದ ಶುಲ್ಕ ವಿನಾಯಿತಿ ಅಥವಾ ಶುಲ್ಕ ಮರುಪಾವತಿ ಪಡೆಯುತ್ತಿರುವವರಿಗೆ ಇದು ಇಲ್ಲ. ಎಲ್ಲವೂ ಆಧಾರ್ ಮೂಲಕವೇ ನಡೆಯುವುದರಿಂದ ಎರಡು ಕಡೆ ಹಣ ಪಡೆದದ್ದು ಒಂದಲ್ಲ ಒಂದು ದಿನ ಕಾಣುತ್ತದೆ. ಆಗ ನವೀಕರಣ ನಿಲ್ಲುತ್ತದೆ, ಪಡೆದದ್ದನ್ನು ವಾಪಸ್ ಕಟ್ಟಿ ಅನ್ನುತ್ತಾರೆ. ಹಾಗಾಗಿ ಯಾವುದು ಸಿಗುತ್ತದೆ ಅನ್ನುವುದಕ್ಕಿಂತ ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದನ್ನು ಮೊದಲು ಯೋಚಿಸಿ.

ಬಿಎಸ್ಸಿ ಮಾಡುವುದಾದರೆ ಮೂರು ವರ್ಷಕ್ಕೆ ಸಿಎಸ್‌ಎಸ್‌ಎಸ್‌ನಿಂದ 36,000. ಇನ್‌ಸ್ಪೈರ್‌ನಿಂದ ಕೈಗೆ 1,80,000. ಇನ್‌ಸ್ಪೈರ್ ಸಿಕ್ಕರೆ ಎರಡನೇ ಮಾತೇ ಇಲ್ಲ. ಸಿಗದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ನೋಡಿ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯನ್ನು ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000. ನಿಮ್ಮ ಹುಡುಗಿಗೆ ಹೇಳಿ ಮಾಡಿಸಿದ ಹಾಗಿದೆ. ಇದು ಅಂಕದ ಮೇಲೆ ಕೊಡುವಂಥದ್ದಲ್ಲ, ಆದರೆ ಮೆರಿಟ್ ಸ್ಕಾಲರ್‌ಶಿಪ್ ಎಂಬ ಹೆಸರಿಗಾಗಿ 30,000 ಬಿಟ್ಟು 12,000 ಹಿಡಿಯುವುದರಲ್ಲಿ ಅರ್ಥವಿಲ್ಲ.

ಇಂಜಿನಿಯರಿಂಗ್ ಆದರೆ ಚಿತ್ರವೇ ಬೇರೆ. ಅಲ್ಲಿ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ ಇದೆ: ತಾಂತ್ರಿಕ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000, ನಾಲ್ಕು ವರ್ಷ. ಕುಟುಂಬದ ಆದಾಯ 8 ಲಕ್ಷದೊಳಗೆ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಅರ್ಜಿ ಎನ್‌ಎಸ್‌ಪಿಯಲ್ಲೇ, ಆಯ್ಕೆ ಅರ್ಹತಾ ಪರೀಕ್ಷೆಯ ಅಂಕದ ಮೇಲೆ. ಕಾಲೇಜು ಎಐಸಿಟಿಇ ಮಾನ್ಯತೆ ಪಡೆದಿರಬೇಕು, ಸೀಟು ಕೇಂದ್ರೀಕೃತ ಪ್ರವೇಶದಿಂದ ಬಂದಿರಬೇಕು. ಸಿಇಟಿ ಮೂಲಕ ಹೋದರೆ ಸರಿ, ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಮುಂದಿನ ವರ್ಷಕ್ಕೆ ಬಡ್ತಿ ಪಡೆದಿದ್ದಾಳೆ ಎಂಬ ಪತ್ರ ಕೊಟ್ಟರೆ ನವೀಕರಣ. ಒಂದು ವರ್ಷ ಹಿಂದುಳಿದರೆ ನಿಂತುಹೋಗುತ್ತದೆ.

ಎಸ್‌ಎಸ್‌ಪಿಯನ್ನು ಕಡೆಗಣಿಸಬೇಡಿ. 2ಎ ವರ್ಗ, 85,000 ಆದಾಯ ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ವಿನಾಯಿತಿ ಅಥವಾ ವಿದ್ಯಾಸಿರಿಗೆ ಅರ್ಜಿ ಹಾಕಬಹುದು. ವಿದ್ಯಾಸಿರಿ ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗಿದ್ದು ಓದುವವರಿಗೆ: ತಿಂಗಳಿಗೆ 1,500ರಂತೆ ಹತ್ತು ತಿಂಗಳು, 15,000. ನೋಡಿ, ಇದೂ ಸಿಎಸ್‌ಎಸ್‌ಎಸ್‌ಗಿಂತ ಹೆಚ್ಚೇ ಆಯಿತು. ಇಂಜಿನಿಯರಿಂಗ್ ಶುಲ್ಕ ದೊಡ್ಡದಾಗಿರುವಾಗ 12,000ದ ಆಸೆಗೆ ಶುಲ್ಕ ವಿನಾಯಿತಿ ಬಿಡುವುದು ನಷ್ಟದ ವ್ಯಾಪಾರ. ಪ್ರವೇಶದ ದಿನ ಕಾಲೇಜಿನಿಂದ ಶುಲ್ಕದ ವಿವರ ಪಟ್ಟಿ ಬರೆಸಿಕೊಂಡು ಬನ್ನಿ, ಬೋಧನಾ ಶುಲ್ಕ ಎಷ್ಟು, ಇತರೆ ಎಷ್ಟು ಅಂತ. ಆಮೇಲೆ ಕೂಡಿಸಿ ಕಳೆಯಿರಿ.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಇದನ್ನು ಓದುತ್ತಿದ್ದರೆ: ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದವರಿಗೆ ರಾಜ್ಯದ ಪ್ರೋತ್ಸಾಹಧನ ಬೇರೆಯೇ ಇದೆ. ಪಿಯುಸಿ ಮತ್ತು ಡಿಪ್ಲೊಮಾಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಇಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸಿಗೆ 35,000. ಪಾಸಾದ ವರ್ಷವೇ ಅರ್ಜಿ. ಒಂದು ವಿಷಯ ಪೂರಕ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಮೊದಲ ಪ್ರಯತ್ನ ಅನ್ನಿಸಿಕೊಳ್ಳುವುದಿಲ್ಲ.

ಕಲ್ಪತರು_ಮಾವ

ಇಷ್ಟೊಂದು ವಿವರ ಯಾರೂ ಹೇಳಿರಲಿಲ್ಲ, ಧನ್ಯವಾದ. ಎರಡು ಅನುಮಾನ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಎರಡಿವೆ, ಆಧಾರ್‌ನಲ್ಲಿ ಬರೀ ಹೆಸರು. ತೊಂದರೆ ಆಗುತ್ತದಾ? ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆ ಅಂದಿದ್ದಾರೆ, ಪಾಸ್‌ಬುಕ್ ಹಿಂದೆ ಸೀಲೂ ಹಾಕಿದ್ದಾರೆ. ಅಷ್ಟು ಸಾಕಲ್ಲ?

ಅರ್ಜಿ_ಪರಿಶೀಲಕ

ಸಾಲದು. ಖಾತೆಗೆ ಕೆವೈಸಿಗಾಗಿ ಆಧಾರ್ ಜೋಡಿಸುವುದು ಒಂದು, ಎನ್‌ಪಿಸಿಐ (ದೇಶದ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಆ ಬ್ಯಾಂಕನ್ನು ಜೋಡಿಸುವುದು ಇನ್ನೊಂದು. ಸರ್ಕಾರದ ನೇರ ಪಾವತಿ (ಡಿಬಿಟಿ) ಖಾತೆ ಸಂಖ್ಯೆ ನೋಡುವುದಿಲ್ಲ, ಎನ್‌ಪಿಸಿಐ ಪಟ್ಟಿಯಲ್ಲಿ ಆ ಆಧಾರ್ ಮುಂದೆ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ ಹೋಗುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಯದಾಗಿ ಜೋಡಿಸಿದ್ದು. ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವರು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಕೊಟ್ಟಿದ್ದರೆ ಸ್ಕಾಲರ್‌ಶಿಪ್ ಹಣ ಅಲ್ಲಿ ಹೋಗಿ ಕೂತಿರುತ್ತದೆ. ಬಂದಿಲ್ಲ ಅಂತ ಇಲಾಖೆಗೆ ಅಲೆಯುವವರಲ್ಲಿ ಹಲವರ ಹಣ ಹೀಗೆ ಅವರದ್ದೇ ಇನ್ನೊಂದು ಖಾತೆಯಲ್ಲಿರುತ್ತದೆ.

ನೋಡುವುದು ಸುಲಭ. ಮೈಆಧಾರ್ ಪೋರ್ಟಲ್‌ಗೆ ಹೋಗಿ, ಆಧಾರ್‌ಗೆ ಜೋಡಿಸಿದ ಮೊಬೈಲ್ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆಯಿರಿ. ಬ್ಯಾಂಕಿನ ಹೆಸರು ಮತ್ತು ‘ಆಕ್ಟಿವ್’ ಅಂತ ಬರಬೇಕು. ಬರದಿದ್ದರೆ ಶಾಖೆಗೆ ಹೋಗಿ ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಅಂತಲೇ ಕೇಳಿ, ಅದರ ಒಪ್ಪಿಗೆ ಅರ್ಜಿ ಬೇರೆ ಇದೆ. ಬರೀ ಆಧಾರ್ ಲಿಂಕ್ ಮಾಡಿ ಅಂದರೆ ಆಗಲೇ ಆಗಿದೆ ಅಂದು ಕಳಿಸುತ್ತಾರೆ. ಖಾತೆ ಹುಡುಗಿಯ ಸ್ವಂತ ಹೆಸರಿನಲ್ಲಿರಲಿ. ಮೈನರ್ ಆಗಿದ್ದಾಗ ತೆರೆದ ಖಾತೆಯಾದರೆ 18 ತುಂಬಿದ ಕೂಡಲೇ ಹೊಸದಾಗಿ ಕೆವೈಸಿ ಮಾಡಿಸಿ, ಇಲ್ಲದಿದ್ದರೆ ಖಾತೆ ತಡೆಹಿಡಿದು ಹಣ ವಾಪಸ್ ಹೋಗುತ್ತದೆ.

ಹೆಸರಿನ ವಿಷಯ: ನಮ್ಮ ರಾಜ್ಯದಲ್ಲಿ ಇದು ದೊಡ್ಡ ರಗಳೆ. ಅಂಕಪಟ್ಟಿಯಲ್ಲಿ ಊರಿನ, ಅಪ್ಪನ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಅದಿಲ್ಲ. ಒಟಿಆರ್‌ನಲ್ಲಿ ಆಧಾರ್‌ನ ಹೆಸರೇ ಬರುತ್ತದೆ. ಬರೀ ಇನಿಷಿಯಲ್ ವ್ಯತ್ಯಾಸವಾದರೆ ಕಾಲೇಜಿನ ಅಧಿಕಾರಿ ದಾಖಲೆ ನೋಡಿ ಮುಂದೆ ಕಳಿಸಬಹುದು, ಆದರೆ ಎಸ್‌ಎಸ್‌ಪಿಯಲ್ಲಿ, ಆದಾಯ ಪ್ರಮಾಣಪತ್ರದಲ್ಲಿ, ಇನ್‌ಸ್ಪೈರ್‌ನಲ್ಲಿ ಪ್ರತಿಸಲ ಇದೇ ಪ್ರಶ್ನೆ ಏಳುತ್ತದೆ. ಆಧಾರ್ ಅನ್ನೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಅಕ್ಷರ, ಚುಕ್ಕೆ, ಜಾಗ ಎಲ್ಲ ನೋಡಿಯೇ ರಸೀದಿಗೆ ಒಪ್ಪಿಗೆ ಕೊಡಿ. ಒಟಿಆರ್ ಮಾಡುವ ಮೊದಲೇ ಈ ಕೆಲಸ ಮುಗಿಸಿ.

ಹಾಂ, ನವೀಕರಣ ಹೇಳಲು ಮರೆತಿದ್ದೆ. ಸಿಎಸ್‌ಎಸ್‌ಎಸ್ ಮುಂದುವರಿಯಲು ಪ್ರತಿವರ್ಷ ಕನಿಷ್ಠ ಶೇ. 50 ಅಂಕ, ಶೇ. 75 ಹಾಜರಾತಿ, ಮತ್ತು ಎನ್‌ಎಸ್‌ಪಿಯಲ್ಲಿ ಪ್ರತಿವರ್ಷ ನವೀಕರಣದ ಅರ್ಜಿ. ಒಮ್ಮೆ ಮಂಜೂರಾದರೆ ತಾನಾಗಿಯೇ ಬರುತ್ತಿರುತ್ತದೆ ಅನ್ನುವುದು ತಪ್ಪು. ಹಣ ಎಲ್ಲಿಯವರೆಗೆ ಬಂದಿದೆ ಅಂತ ಸರ್ಕಾರದ ಹಣಪಾವತಿಯ ಪಿಎಫ್‌ಎಂಎಸ್ ತಾಣದಲ್ಲಿ ನೋಡಬಹುದು.

ಆರನೇ_ಸೆಮ್

ಅಣ್ಣನ ಪ್ರಶ್ನೆಗೆ ಬರುತ್ತೇನೆ. ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ 2021–22ರಲ್ಲಿ ಬಂತು, 2024–25ರಿಂದ ಸೇರುವವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಇವನು ನಡುವಿನ ಮೂರು ಬ್ಯಾಚ್‌ಗಳಲ್ಲಿ ಕೊನೆಯದು, ಇವನಿಗೆ ನಾಲ್ಕನೇ ವರ್ಷದ ಅವಕಾಶ ಇದೆ. ತಂಗಿ ಈಗ ರಾಜ್ಯದ ವಿಶ್ವವಿದ್ಯಾಲಯದ ಕಾಲೇಜಿಗೆ ಬಿಎಸ್ಸಿಗೆ ಸೇರಿದರೆ ಮೂರು ವರ್ಷದ್ದೇ. ಕೇಂದ್ರೀಯ, ಡೀಮ್ಡ್, ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದು ನಡೆಯುತ್ತಿದೆ.

ನಾಲ್ಕನೇ ವರ್ಷದಲ್ಲಿ ಎರಡು ಕವಲು. ‘ಆನರ್ಸ್’ ಒಂದು, ‘ಆನರ್ಸ್ ವಿತ್ ರಿಸರ್ಚ್’ ಇನ್ನೊಂದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್ (ಕೋರ್ಸಿನ ಭಾರದ ಅಳತೆ), ನಾಲ್ಕಕ್ಕೆ 160. ರಿಸರ್ಚ್ ಬೇಕೆಂದರೆ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಅಥವಾ ಹೆಚ್ಚು ಇರಬೇಕು. ಅದರಲ್ಲಿ 12 ಕ್ರೆಡಿಟ್‌ನ ಪ್ರಬಂಧ ಅಥವಾ ಸಂಶೋಧನಾ ಪ್ರಾಜೆಕ್ಟ್ ಇರುತ್ತದೆ. ಬರೀ ಆನರ್ಸ್‌ನವರು ಆ 12 ಕ್ರೆಡಿಟ್‌ಗೆ ಬದಲಾಗಿ ಮೂರು ಕೋರ್ಸ್ ಓದುತ್ತಾರೆ.

ಈಗ 7.38 ಲೆಕ್ಕ. ಶೇ. 75 ಅಂದರೆ ಸಿಜಿಪಿಎ 7.5 ಅಂತ, ಎಲ್ಲ ಸೆಮಿಸ್ಟರ್‌ಗೂ ಒಂದೇ ಕ್ರೆಡಿಟ್ ಅಂತ ಅಂದುಕೊಂಡರೆ ಆರಕ್ಕೆ 7.5 ಬರಲು 45 ಬೇಕು. ಐದರದ್ದು 36.9 ಆಗಿದೆ. ಉಳಿದದ್ದು 8.1. ಅಂದರೆ ಆರನೇ ಸೆಮಿಸ್ಟರ್‌ನಲ್ಲಿ 8.1 ತೆಗೆದರೆ ಸರಿಯಾಗಿ ಗೆರೆಯ ಮೇಲೆ. ಆರನೆಯದಕ್ಕೆ ಕ್ರೆಡಿಟ್ ಕಡಿಮೆಯಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ, ಅಂಕಪಟ್ಟಿಯ ಕ್ರೆಡಿಟ್ ಇಟ್ಟುಕೊಂಡು ಸರಿಯಾಗಿ ಗುಣಿಸಿ. ಮೇಜರ್ ವಿಷಯದಲ್ಲಿ 8 ಇದ್ದರೂ ಸಿಜಿಪಿಎ ಇಳಿದಿರುವುದು ಸಾಮಾನ್ಯವಾಗಿ ಮೊದಲ ಎರಡು ವರ್ಷದ ಭಾಷೆ, ಓಪನ್ ಎಲೆಕ್ಟಿವ್‌ಗಳಿಂದ. ಅವೂ ಲೆಕ್ಕಕ್ಕೆ ಬರುತ್ತವೆ ಅಂತ ಆಗ ಯಾರೂ ಹೇಳಿರುವುದಿಲ್ಲ. ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರವೂ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಒಂದೇ ಅಲ್ಲ. ಹತ್ತರಿಂದ ಗುಣಿಸುವ ಮೊದಲು ಅಂಕಪಟ್ಟಿಯ ಹಿಂಬದಿ ಓದಿ.

ನೇರ ಪಿಎಚ್‌ಡಿ: ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಒಟ್ಟಾರೆ ಶೇ. 75 ಇದ್ದವರು ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು, ಇಡಬ್ಲ್ಯೂಎಸ್‌ಗೆ ಶೇ. 5 ರಿಯಾಯಿತಿ. ಇವನು 2ಎ, ಒಬಿಸಿ ಪ್ರಮಾಣಪತ್ರ ಇದ್ದರೆ ಪಿಎಚ್‌ಡಿ ಪ್ರವೇಶಕ್ಕೆ 70 ಸಾಕಾಗಬಹುದು. ಅರ್ಹತೆ ಅಂದರೆ ಸೀಟಲ್ಲ. ಪ್ರವೇಶ ಪರೀಕ್ಷೆ, ಸಂದರ್ಶನ, ಮಾರ್ಗದರ್ಶಕರಲ್ಲಿ ಖಾಲಿ ಜಾಗ ಇವೆಲ್ಲ ಇದ್ದೇ ಇವೆ. ಕಾಲೇಜು ಉಪನ್ಯಾಸಕನಾಗುವ ಆಸೆ ಇದ್ದರೆ ಇನ್ನೊಂದು ಮಾತು: ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ದಾರಿಯಲ್ಲಿ ಹೋಗುವವರಿಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ನನ್ನ ಅಭಿಪ್ರಾಯದಲ್ಲಿ ನಾಲ್ಕು ಪ್ಲಸ್ ಒಂದು ವರ್ಷದ ಎಂಎಸ್ಸಿ ಇವನಿಗೆ ಹೆಚ್ಚು ಭದ್ರ. ಆದರೆ ಒಂದು ವರ್ಷದ ಎಂಎಸ್ಸಿ ಯಾವ ವಿಶ್ವವಿದ್ಯಾಲಯ ನಡೆಸುತ್ತಿದೆ ಅಂತ ಮೊದಲು ಖಚಿತಪಡಿಸಿಕೊಳ್ಳಿ. ಅದಿಲ್ಲದಿದ್ದರೆ ನಾಲ್ಕು ಪ್ಲಸ್ ಎರಡು ಆಗಿ ಒಂದು ವರ್ಷ ಸುಮ್ಮನೆ ಹೋಗುತ್ತದೆ, ಆಗ ಮೂರಕ್ಕೇ ಮುಗಿಸಿ ಎಂಎಸ್ಸಿಗೆ ಹೋಗುವುದೇ ಲೇಸು.

ಅವನ ಕಾಲೇಜಿನಲ್ಲೇ ನಾಲ್ಕನೇ ವರ್ಷ ನಡೆಯುತ್ತದೆಯೇ ಎಂಬುದನ್ನು ಆರನೇ ಸೆಮಿಸ್ಟರ್ ಪರೀಕ್ಷೆಗೂ ಮೊದಲೇ ಪ್ರಾಂಶುಪಾಲರನ್ನು ಕೇಳಲಿ. ಸೇರುವವರು ಬೆರಳೆಣಿಕೆಯಷ್ಟಿದ್ದರೆ ಕಾಲೇಜುಗಳು ಹಿಂದೆ ಸರಿಯುತ್ತವೆ. ರಿಸರ್ಚ್ ಕವಲಿಗೆ ಪಿಎಚ್‌ಡಿ ಮಾಡಿದ ಅಧ್ಯಾಪಕರು, ಪ್ರಯೋಗಾಲಯ ಬೇಕು; ಹಲವು ಕಡೆ ಇವಿಲ್ಲ.

ಕ್ರೆಡಿಟ್_ಗಣಕ

ತಂಗಿ ಬಿಇಗೆ ಹೋದರೆ ಅಲ್ಲೂ ಆನರ್ಸ್ ಇದೆ, ಆದರೆ ಹೆಚ್ಚುವರಿ ವರ್ಷ ಇಲ್ಲ. ಎಐಸಿಟಿಇ ಮಾದರಿಯಲ್ಲಿ ಪದವಿಗೆ ಬೇಕಾದ ಸುಮಾರು 160 ಕ್ರೆಡಿಟ್‌ನ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್, ಹೆಚ್ಚಾಗಿ ಎನ್‌ಪಿಟಿಇಎಲ್‌ನ ಆನ್‌ಲೈನ್ ಕೋರ್ಸ್‌ಗಳಿಂದ. ಅಲ್ಲಿ 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2, 4 ವಾರದ್ದಕ್ಕೆ 1. ಅಂದರೆ 18ಕ್ಕೆ 12 ವಾರದ ಆರು ಕೋರ್ಸ್. ಜುಲೈ ಮತ್ತು ಜನವರಿಯ ಎರಡು ಸರದಿ ಇರುವುದರಿಂದ ಮೂರನೇ ವರ್ಷದಿಂದ ಒಂದೊಂದು ಸರದಿಗೆ ಎರಡು ತೆಗೆದುಕೊಂಡರೆ ಆರಾಮ. ಏಳನೇ ಸೆಮಿಸ್ಟರ್‌ಗೆ ನೆನಪಾಗಿ ನಾಲ್ಕು ಒಟ್ಟಿಗೆ ತೆಗೆದುಕೊಂಡವರು ಪ್ಲೇಸ್‌ಮೆಂಟ್ ಗಲಾಟೆಯಲ್ಲಿ ಅರ್ಧಕ್ಕೆ ಬಿಡುತ್ತಾರೆ.

ಅಂಕದಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬಂದರೆ ಮಾತ್ರ ಪ್ರಮಾಣಪತ್ರ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್ ಲೆಕ್ಕಕ್ಕೆ. ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಬೇರೆಯಾಗಿ ಶುಲ್ಕ ಕಟ್ಟಿ ನೋಂದಾಯಿಸಬೇಕು. ಕೋರ್ಸ್ ಪೂರ್ತಿ ನೋಡಿ ಈ ನೋಂದಣಿ ಮರೆತರೆ ಕ್ರೆಡಿಟ್ ಸೊನ್ನೆ.

ಆನರ್ಸ್‌ಗೆ ಅರ್ಹವಾಗಲು ಸಿಜಿಪಿಎ ಮಿತಿ, ಬ್ಯಾಕ್‌ಲಾಗ್ ಇರಬಾರದೆಂಬ ಷರತ್ತು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿರುತ್ತದೆ, ಅದೂ ಸ್ಕೀಮ್‌ನಿಂದ ಸ್ಕೀಮ್‌ಗೆ (ಆಯಾ ವರ್ಷ ಜಾರಿಗೆ ಬಂದ ಪಠ್ಯಕ್ರಮ) ಬದಲಾಗುತ್ತದೆ. ವಿಟಿಯುನಲ್ಲಾದರೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರದ್ದು, 2021ರದ್ದು, 2022ರದ್ದು ಹೀಗೆ ಹಲವು ಸ್ಕೀಮ್‌ಗಳಿವೆ. ಸೀನಿಯರ್ ಹೇಳಿದ್ದು ಅವರ ಸ್ಕೀಮಿನ ಮಾತು. ಕೋರ್ಸ್ ಆರಿಸುವ ಮೊದಲು ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಪಠ್ಯಕ್ರಮದಲ್ಲಿ ಆಗಲೇ ಇರುವ ವಿಷಯವನ್ನೇ ಎನ್‌ಪಿಟಿಇಎಲ್‌ನಲ್ಲಿ ಮತ್ತೆ ಮಾಡಿದರೆ ಆನರ್ಸ್‌ಗೆ ಎಣಿಸುವುದಿಲ್ಲ.

ಕಲ್ಪತರು_ಮಾವ

ಎಲ್ಲರಿಗೂ ವಂದನೆ. ನಾಳೆ ನಾಡಕಚೇರಿಯಲ್ಲಿ ಒಬಿಸಿ ಪ್ರಮಾಣಪತ್ರಕ್ಕೆ ಕೊಟ್ಟು, ಅಲ್ಲಿಂದ ಆಧಾರ್ ಕೇಂದ್ರಕ್ಕೆ ಹೋಗುತ್ತೇವೆ. ಒಂದೇ ಒಂದು ಉಳಿಯಿತು: ಇನ್‌ಸ್ಪೈರ್ ಫಲಿತಾಂಶ ಬರುವ ಹೊತ್ತಿಗೆ ಎನ್‌ಎಸ್‌ಪಿ ಗಡುವು ಮುಗಿದಿದ್ದರೆ?

ಲೆಕ್ಕದ_ಪುಸ್ತಕ

ಅರ್ಜಿ ಎರಡಕ್ಕೂ ಹಾಕಿ, ತಪ್ಪಿಲ್ಲ. ತಪ್ಪಾಗುವುದು ಎರಡರ ಹಣವನ್ನೂ ಇಟ್ಟುಕೊಂಡಾಗ. ಇನ್‌ಸ್ಪೈರ್ ಆಯ್ಕೆ ಪತ್ರ ಬಂದ ದಿನವೇ ಕಾಲೇಜಿನ ನೋಡಲ್ ಅಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಎನ್‌ಎಸ್‌ಪಿ ಅರ್ಜಿ ಹಿಂತೆಗೆಯಲು ಕೇಳಿ, ಸ್ವೀಕೃತಿಯ ಸೀಲು ಹಾಕಿಸಿದ ಪ್ರತಿ ನಿಮ್ಮ ಬಳಿ ಇರಲಿ. ಎಸ್‌ಎಸ್‌ಪಿಗೂ ಇದೇ ಕ್ರಮ.

ಮತ್ತೆ, ಒಬಿಸಿ ಪ್ರಮಾಣಪತ್ರಕ್ಕೆ ಹೋಗುವಾಗ ಅಣ್ಣನ ಅರ್ಜಿಯನ್ನೂ ಜೊತೆಗೇ ಕೊಡಿ. ಪಿಎಚ್‌ಡಿಯ ಆ ಶೇ. 5 ರಿಯಾಯಿತಿಗೆ ಅವನಿಗೂ ಅದೇ ಕಾಗದ ಬೇಕು.